ಎದ್ದು ಹೋಗುವ ಸಿಟ್ಟು

“ನಾಲ್ಕು ಹೆತ್ತದ್ದು ನನ್ನ ತಪ್ಪಾ? ಅದನ್ನ ನನ್ನ ಮುಖ ನೋಡ್ಕಂಡೇ ಹೇಳ್ಬೇಕಿತ್ತಾ? ಇಂಥ ಸಭೆಲಿ ಕೂರೂಕೆ ನಂಗೆಂತ ಹುಚ್ಚಾ? ನಾ ಹೋಗ್ತೆ.”

ಮಾದೇವಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಮುಟ್ಟಳ್ಳಿಯ ಶಾಲೆಯ ಕೋಣೆಯಲ್ಲಿ ಮಹಿಳಾ ಸಂಘದ ಹೆಂಗಸರು ತುಂಬಿದ್ದರು. ಮುಟ್ಟು ನಿಂತ ಮೇಲೆ ಕೆಲವರಿಗೆ ಮೂತ್ರ ಯಾಕೆ ಹಿಡಿತಕ್ಕೆ ಸಿಗುವುದಿಲ್ಲ ಎಂದು ತಿಳಿಸಲು ನರ್ಸ್ ವಿನುತಾ ಬಂದಿದ್ದಳು. ಹೆಚ್ಚು ಹೆತ್ತವರಿಗೆ ಆ ತೊಂದರೆ ಜಾಸ್ತಿ ಅಂದಿದ್ದಳು, ಅಷ್ಟೇ.

ನಿಜ ಹೇಳಬೇಕೆಂದರೆ ಮಾದೇವಿಗೆ ಸಿಟ್ಟು ಬಂದಿರಲಿಲ್ಲ. ಬಂದದ್ದು ಉಚ್ಚೆ.

ಮುಟ್ಟು ನಿಂತ ಮೇಲೆ ಅವಳಿಗೆ ಸೀನಿದರೆ, ನಕ್ಕರೆ, ಕೊಡ ಎತ್ತಿದರೆ ಸೀರೆ ಒದ್ದೆ. ಸಭೆಯ ನಡುವೆ ಸುಮ್ಮನೆ ಎದ್ದರೆ ಎಲ್ಲಿಗೆ, ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಜಗಳ ಮಾಡಿ ಎದ್ದು ಹೋದವಳನ್ನು ಯಾರೂ ಕೇಳುವುದಿಲ್ಲ. ಹೀಗೆ ಮದುವೆಯೂಟದಿಂದ, ಸೀಮಂತದಿಂದ, ಭಟ್ಕಳದ ಟೆಂಪೋದಿಂದ ಸಿಟ್ಟು ಮಾಡಿಕೊಂಡು ಎದ್ದು ಎದ್ದು ಜಗಳಗಂಟಿ ಎಂಬ ಹೆಸರು ಗಳಿಸಿದ್ದಳು. ಆ ಹೆಸರಾದರೆ ಅಡ್ಡಿಯಿಲ್ಲ, ಇನ್ನೊಂದು ಹೆಸರು ಬರಬಾರದಿತ್ತು.

ಶಾಲೆಗೆ ಇದ್ದದ್ದು ಒಂದೇ ಪಾಯಖಾನೆ. ಅದರ ಕೀಲಿಕೈ ಕೋಣೆಯ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಮಾದೇವಿ ಅತ್ತ ಕಾಲಿಡುವಷ್ಟರಲ್ಲಿ ಸಂಘದ ಅಧ್ಯಕ್ಷೆ ಉಮಾ ಓಡಿ ಬಂದು ತಬ್ಬಿಕೊಂಡಳು.

“ಸಿಟ್ಟಾಗ್ಬೇಡ ಮಾದೇವಕ್ಕ. ಕೂತ್ಕಂಡು ಚಾ ಕುಡಿ.”

ತುಂಬಿದ ಲೋಟ ಕೈಗೆ ಬಂತು. ಬೇಡವೆಂದರೆ ಯಾಕೆ ಬೇಡ ಎಂದು ಕೇಳುತ್ತಾರೆ. ಕುಡಿದಳು.

ವಿನುತಾ ಮುಂದುವರಿಸಿದಳು. “ತಲೆ ಮೇಲೆ ಭಾರ ಹೊತ್ತವರಿಗೆ, ಹಳೇ ಕೆಮ್ಮು ಇದ್ದವರಿಗೆ ಇದು ಬರ್ತದೆ. ಮೈ ದಪ್ಪ ಆದವರಿಗೂ, ಸಕ್ಕರೆ ಕಾಯಿಲೆಯವರಿಗೂ ಅಷ್ಟೇ. ಚಾ ಕುಡಿದ್ರಂತೂ ಅವಸರ ಇನ್ನೂ ಜೋರು.”

ಮಾದೇವಿ ಖಾಲಿ ಲೋಟ ನೋಡಿದಳು. “ಇದನ್ನ ಚಾ ಕೊಡೂಕಿಂತ ಮುಂಚೆ ಹೇಳೂಕೆ ಆಗ್ಲಿಲ್ವನೇ?” ಎಂದು ಎದ್ದಳು. ಈ ಸಲದ ಸಿಟ್ಟು ಖರೆಯದು. ಹೆಂಗಸರೆಲ್ಲ ಗೊಳ್ಳೆಂದು ನಕ್ಕು, ಹೆಗಲು ಹಿಡಿದು ಕೂರಿಸಿದರು. ಅವಳಿಗೂ ನಗು ಬಂತು. ನಕ್ಕರೆ ಕತೆ ಮುಗಿಯಿತೆಂದು ತುಟಿ ಕಚ್ಚಿದಳು. ಮುಖ ಕುದಿಯುವ ಗಂಜಿಯ ಮುಚ್ಚಳದಂತೆ ಅದುರಿತು.

“ನಾಚಿಕೆ ಪಡೂದೆಂತಕ್ಕೆ? ಇದಕ್ಕೆ ವ್ಯಾಯಾಮ ಇದೆ, ಔಷಧ ಇದೆ,” ಎಂದಳು ವಿನುತಾ. “ಇಲ್ಲಿ ಯಾರಿಗಾದ್ರೂ ಇದ್ರೆ ಕೈ ಎತ್ತಿ.”

ಕೋಣೆಯಲ್ಲಿದ್ದವರೆಲ್ಲ ಮಾಡಿನ ಹಂಚು ನೋಡತೊಡಗಿದರು. ಒಂದು ಕೈಯೂ ಏಳಲಿಲ್ಲ.

ಇನ್ನು ತಡೆಯುವುದು ಸಾಧ್ಯವಿರಲಿಲ್ಲ. ಮಾದೇವಿಯ ಪಕ್ಕದಲ್ಲೇ ನೆರೆಮನೆಯ ಬಂಗಾರಿ ಮಂಡಿ ಜೋಡಿಸಿ ಮುದುಡಿ ಕೂತಿದ್ದಳು. ಕೋಳಿಗೂ ಜೋರು ಮಾಡದ ಹೆಂಗಸು. ಅಂಥವಳನ್ನು ಬೈದರೆ ಊರವರೇ ತನ್ನನ್ನು ಹೊರಗೆ ದಬ್ಬುತ್ತಾರೆ ಎಂದು ಮಾದೇವಿ ಲೆಕ್ಕ ಹಾಕಿದಳು.

“ಬಂಗಾರಿ, ನಮ್ಮ ಮರದ ಬುಡದಲ್ಲಿ ಬಿದ್ದ ತೆಂಗಿನಕಾಯಿ ಹೆಕ್ಕಂಡು ಹೋದವಳು ನೀನೇ ಅಲ್ದಾ?”

ಬಂಗಾರಿ ತಟ್ಟನೆ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಎಂತ ಅಂದೆ? ನಾ ಕಳ್ಳಿಯಾ? ಆತು, ಇನ್ನೊಂದು ಗಳಿಗೆ ಈ ಸಭೆಲಿ ಕೂರೂದಿಲ್ಲ.”

ಹಂಚು ಅದುರುವಂಥ ದನಿ. ಬಾಣದಂತೆ ಬಾಗಿಲು ದಾಟಿದಳು. ದಾಟುವಾಗ ಅವಳ ಕೈ, ಕಣ್ಣಿನ ಸಹಾಯವೇ ಇಲ್ಲದೆ, ಮೊಳೆಯ ಮೇಲಿದ್ದ ಕೀಲಿಕೈಯನ್ನು ಎತ್ತಿಕೊಂಡಿತು.

ಮಾದೇವಿ ಹಿಂದೆಯೇ ಓಡಿದಳು. ಉಮಾ ಅಡ್ಡ ನಿಂತಳು.

“ಪಾಪದ ಹೆಂಗ್ಸು ಅದು, ಅದನ್ನೂ ಬಿಡಲಿಲ್ಲ ನೀನು. ಅವಳು ತಿರುಗಿ ಬಂದ ಮೇಲೆ ತಪ್ಪಾತು ಅಂತ ಹೇಳಿಯೇ ಹೋಗ್ಬೇಕು. ಕೂತ್ಕ. ಯಾರಾದ್ರೂ ಅಕ್ಕಂಗೆ ಇನ್ನೊಂದು ಚಾ ಕೊಡಿ.”

ಅಂಗಳದಾಚೆ ಪಾಯಖಾನೆಯ ಚಿಲಕ ಒಳಗಿನಿಂದ ಬಿದ್ದ ಸದ್ದು ಕೇಳಿತು. ಮಾದೇವಿ ಮಂಡಿ ಜೋಡಿಸಿ, ಖಾಲಿ ಮೊಳೆಯನ್ನೇ ನೋಡುತ್ತ ಕುಳಿತಳು. ಚಾ ಬಂತು. ಬಂಗಾರಿ ಬರಲಿಲ್ಲ.