ನಿಲ್ಲಬಾರದ ಕಡೆ ನಿಂತ ಲಾರಿಯವರಿಗೆ

ಮೂಡಲಗಿ,
ದೀಪಾವಳಿ ಮುಗಿದ ವಾರ, ೧೯೫೭

ನಮ್ಮ ಅಂಗಳದ ಬೇವಿನ ನೆರಳಲ್ಲಿ ವಿರಾಜಮಾನರಾಗಿರುವ ಮಾನ್ಯ ಲಾರಿಯವರೇ,

ತಮ್ಮ ಘನ ಸನ್ನಿಧಾನಕ್ಕೆ ರಾಜಪ್ಪನ ಅನೇಕ ನಮಸ್ಕಾರಗಳು. ಮುಲ್ಕಿ ಪರೀಕ್ಷೆಯವರೆಗೆ ಓದಿದ ನಾನು ದಿನಚರಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳುವುದನ್ನು ಬಿಟ್ಟರೆ ಯಾರಿಗೂ ಏನನ್ನೂ ಬರೆದವನಲ್ಲ. ಆದರೆ ತಮ್ಮ ಪ್ರತಾಪದ ಬಗ್ಗೆ ಊರೆಲ್ಲ ನನ್ನನ್ನೇ ಕೇಳುತ್ತಿರುವುದರಿಂದ, ತಮ್ಮೊಂದಿಗಿನ ಮಾತನ್ನು ನಾಲ್ಕು ಜನರ ಎದುರಿಗೇ ಆಡಿ ಮುಗಿಸುವುದು ಮರ್ಯಾದೆಯೆಂದು ಈ ಬಹಿರಂಗ ಪತ್ರ.

ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ, ಬೆಳಗಾವಿಯ ಹರಾಜಿನಲ್ಲಿ ನಿವೃತ್ತರಾಗಿ, ನನ್ನ ತಮ್ಮ ಮಾಯಪ್ಪನ ಕೈಹಿಡಿದು ತಾವು ನಮ್ಮ ಮನೆ ತುಂಬಿದಿರಿ. ಇಲ್ಲಿಯ ಮತ್ತು ಕೌಜಲಗಿಯ ಬೆಲ್ಲವನ್ನು ಘಟಪ್ರಭಾ ಸ್ಟೇಶನ್ನಿಗೆ ಹೊತ್ತು ನಮಗೆಲ್ಲ ಅನ್ನ ಹಾಕಿದಿರಿ. ಅದನ್ನು ಮರೆತರೆ ನಾಲಿಗೆ ಬಿದ್ದೀತು. ನಿಲ್ಲುವ ವಿಷಯದಲ್ಲಿ ಮಾತ್ರ ತಮಗೆ ಮೊದಲಿನಿಂದಲೂ ಸ್ವಂತ ಅಭಿಪ್ರಾಯವಿತ್ತು. ಮಾಯಪ್ಪ ಬ್ರೇಕು ತುಳಿದರೆ ತಾವು ಅದನ್ನೊಂದು ಸಲಹೆಯೆಂದು ಸ್ವೀಕರಿಸಿ, ಸಾವಕಾಶವಾಗಿ ವಿಚಾರ ಮಾಡಿ, ಯಾರದಾದರೂ ಜೋಳದ ಕಣಕಿಯ ಬಣವೆ ಎದುರಾದ ಮೇಲೆ ಒಪ್ಪಿಗೆ ಕೊಡುತ್ತಿದ್ದಿರಿ. ಅವನು ನಗುತ್ತಿದ್ದ. ಹ್ಯಾಂಡ್‌ಬ್ರೇಕನ್ನಂತೂ ತಾವು ಅಲಂಕಾರಕ್ಕೆ ಧರಿಸಿದ್ದೆಂದು ಎಲ್ಲರಿಗೂ ಗೊತ್ತಿತ್ತು.

ಆದರೆ ಕಳೆದ ಶ್ರಾವಣದಲ್ಲಿ ತಾವು ಯಾರೂ ಕೇಳದೆ ನಿಂತಿರಿ. ಜ್ವರದಲ್ಲಿ ಮೈಮರೆತಿದ್ದ ಮಾಯಪ್ಪನನ್ನು ಮಲಗಿಸಿಕೊಂಡು ನಾನೇ ತಮ್ಮನ್ನು ನಡೆಸುತ್ತ ಘಟಪ್ರಭಾದ ಆಸ್ಪತ್ರೆಗೆ ಹೊರಟಿದ್ದೆ. ಅರಭಾವಿ ದಾಟುತ್ತಲೇ ತಮ್ಮ ಸವೆದ ಹಿಂದಿನ ಆಕ್ಸಲ್ ಮುರಿಯಿತು. ಎಂಜಿನ್ ಗುಡುಗುತ್ತಲೇ ಇತ್ತು, ಗಾಲಿ ಅಲುಗಲಿಲ್ಲ. ದಾರಿಯಲ್ಲಿ ಸಿಕ್ಕ ಚಕ್ಕಡಿಯಲ್ಲಿ ಅವನನ್ನು ಹಾಕಿಕೊಂಡು ಹೋದೆ; ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಅವನು ಹೊರಟುಹೋಗಿದ್ದ. ನಿಲ್ಲಬೇಕಾದ ಕಡೆ ಒಮ್ಮೆಯೂ ನಿಲ್ಲದ ತಾವು, ನಿಲ್ಲಬಾರದ ಆ ಒಂದು ಕಡೆ ತೋರಿಸಿದ ಸ್ಥಿರತೆಯನ್ನು ಹೊಗಳಲು ನನ್ನ ಓದು ಸಾಲದು.

ಎತ್ತು ಕಟ್ಟಿ ಮನೆಗೆ ಎಳೆತಂದ ಮೇಲೆ ಎರಡು ತಿಂಗಳು ತಾವು ಬೇವಿನಡಿಯಲ್ಲಿ ನಿಂತಿದ್ದಿರಿ. ಆಗ ಮಾಯಪ್ಪನ ಹೆಂಡತಿ ಪಾರವ್ವನ ತಂದೆ ಶಿದ್ಲಿಂಗಪ್ಪನವರು ಹುಕ್ಕೇರಿಯಿಂದ ಬಂದರು. ಬೆಲ್ಲದ ಹಂಗಾಮು ಬರುತ್ತಿದೆ, ಲಾರಿ ಓಡಿದರೆ ಮಗಳಿಗೆ ಈ ಮನೆಯಲ್ಲಿ ಆಧಾರವುಂಟು, ಇಲ್ಲದಿದ್ದರೆ ಕರೆದುಕೊಂಡು ಹೋಗಿ ಬೇರೆ ಕಡೆ ಉಡಕಿ, ಅಂದರೆ ಮರುಮದುವೆ, ಮಾಡಿ ಕೊಡುವುದೇ ಲೇಸು ಎಂಬುದು ಅವರ ವಿಚಾರ. ತಪ್ಪೆನ್ನಲಾರೆ. "ಈ ಲಾರಿ ಹೋಗೂದು ನಾ ನೋಡೇನ್ರಿ, ನಿಲ್ಲೂದು ನೋಡಿಲ್ಲ. ಬರೂ ಸೋಮವಾರ ನಾನ ಕುಂತ ನೋಡತೇನಿ. ನಿಂತರ ಪಾರಿ ಇಲ್ಲೇ ಇರಲಿ, ಇಲ್ಲಾಂದ್ರ ಆಕೀ ಗಂಟ ಕಟ್ಟಿ ಇಡ್ರಿ" ಎಂದರು. ನನ್ನ ತಾಯಿ ಉದ್ದವ್ವ ಅಂದು ಉಣ್ಣಲಿಲ್ಲ. ಮಗ ಹೋದ ಮನೆಯಲ್ಲಿ ಆಕೆಯ ಜೊತೆ ಕೂತು ಅಳುವವಳು ಪಾರವ್ವ ಒಬ್ಬಳೇ.

ಹೀಗಾಗಿ ತಮ್ಮ ಚಿಕಿತ್ಸೆ ಮನೆಯಲ್ಲೇ ನಡೆಯಿತು. ಕೊಲ್ಲಾಪುರದ ಗುಜರಿಯಿಂದ ಆಕ್ಸಲ್ಲೂ ಅಲ್ಲಿಯ ಅಂಗಡಿಯಿಂದ ಬ್ರೇಕಿನ ಹೊಸ ಪಟ್ಟಿಗಳೂ ಬಂದವು. ತಮ್ಮನ್ನು ಬೇವಿನ ದಿಮ್ಮಿಗಳ ಮೇಲೆ ಕೂಡಿಸಿ ಗಾಲಿ ಕಳಚಿದೆವು. ಬ್ರೇಕಿನ ಡ್ರಮ್ಮುಗಳು ತುಕ್ಕು ಹಿಡಿದು ಬಿಡಲೊಲ್ಲೆವೆಂದಾಗ ಕಂಬಾರ ಸೋಮಪ್ಪ ಚಕ್ಕಡಿ ಗಾಲಿಯ ಕಬ್ಬಿಣದ ಹಳಿ ಕಾಯಿಸುವ ಹಾಗೆ ಸುತ್ತ ಸಗಣಿ ಕುಳ್ಳಿನ ಬೆಂಕಿ ಹಾಕಿದ. ತಾವು ದೇವರಂತೆ ಹೊಗೆಯೊಳಗೆ ಕೂತಿದ್ದಿರಿ, ಅವನು ಬೈಗುಳದ ಮಂತ್ರ ಹೇಳುತ್ತ ಸುತ್ತಿಗೆ ಆಡಿಸಿದ. ಡ್ರಮ್ಮನ್ನು ಒಳಗಿನಿಂದ ಕಚ್ಚಿ ಹಿಡಿಯುವ ಪಟ್ಟಿಗಳಿಗೆ ರಿವೆಟ್ ಬಡಿದು, ಆಕ್ಸಲ್ ತೂರಿಸಿ, ಭಾನುವಾರ ಸಂಜೆ ಅಂಗಳದಲ್ಲೇ ಓಡಿಸಿ ನೋಡಿದೆ. ಬ್ರೇಕು ತುಳಿದ ಕೂಡಲೇ ತಾವು ನಿಂತಿರಿ. ಹೊಸ ಪಟ್ಟಿ ಕಿರ್ರೆಂದಿತು, ಅಷ್ಟೆ.

ಆ ಕಿರ್ರು ನನ್ನ ತಾಯಿಯ ಕಿವಿಗೆ ಬಿತ್ತು. ಚಕ್ಕಡಿ ಕಿರುಗುಟ್ಟಿದರೆ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೇ ಎಂದು ಜನ ಕೇಳುವ ಸೀಮೆ ನಮ್ಮದು. ಮದುವೆಯಾಗಿ ಬಂದಂದಿನಿಂದ ಹೊರಡುವ ಗಾಲಿಗೆ ಎಣ್ಣೆ ಬಿಡುವುದು ಆಕೆಯ ಕೆಲಸ. ಸೋಮವಾರ ಬೆಳಿಗ್ಗೆ ನಾನು ಬೀಗರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದಾಗ, ಡ್ರಮ್ಮಿನ ಹಿಂದಿನ ಸಣ್ಣ ಕಿಂಡಿಯಿಂದ ನಾಲ್ಕೂ ಕಡೆ ಧಾರಾಳವಾಗಿ ಹಬ್ಬದ ಔಡಲೆಣ್ಣೆ ಎರೆದಿದ್ದಾಳೆ.

ಮುಂದಿನದು ತಮಗೆ ತಿಳಿದದ್ದೇ. ಶಿದ್ಲಿಂಗಪ್ಪನವರು ತಲೆಗೆ ಹೊಸ ಪಟಕ ಸುತ್ತಿ ನನ್ನ ಬಾಜೂ ಕೂತರು. ಇಳಿಜಾರಿನಲ್ಲಿ ನಾನು ಬ್ರೇಕು ತುಳಿದೆ, ಮತ್ತೆ ತುಳಿದೆ. ತಾವು ಒಂದಿಷ್ಟೂ ಸಪ್ಪಳ ಮಾಡದೆ, ಮದುಮಗಳು ನಡೆದ ಹಾಗೆ ನಯವಾಗಿ ಸಾಗಿ, ಊರಿನ ದೊಡ್ಡ ತಿಪ್ಪೆಯನ್ನು ಪ್ರವೇಶಿಸಿದಿರಿ. ಪಟಕ ಮುಂದಕ್ಕೆ ಹೋಯಿತು, ಬೀಗರು ಮೊಣಕಾಲಿನವರೆಗೆ ಗೊಬ್ಬರದಲ್ಲಿ ಇಳಿದರು. ಓಡಿ ಬಂದ ತಾಯಿ, "ಸಪ್ಪಳ ಆಗಬಾರದಂತ ನಾಕೂ ಗಾಲಿಗೆ ಎಣ್ಣಿ ಬಿಟ್ಟಿದ್ನಲ್ಲೊ, ಯಾಕ ನಿಲ್ಲಲಿಲ್ಲ?" ಎಂದು ನನ್ನನ್ನೇ ಕೇಳಿದಳು. ಎಣ್ಣೆ ಕುಡಿದ ಪಟ್ಟಿ ಹಿಡಿಯುವುದಿಲ್ಲವೆಂದು ನಾನು ಹೇಳುವ ಮೊದಲೇ ನನ್ನ ಮುಖ ನೋಡಿ ಆಕೆಗೆ ತಿಳಿಯಿತು. ಎಣ್ಣೆಯ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಎಣ್ಣಿ ಚಲೋದ ಹಾಕೀರಿ, ಉದ್ದವ್ವಾರ. ಇಷ್ಟ ಹಗರ ಹೋಗೂ ಗಾಡಿ ನಮ್ಮ ಹುಕ್ಕೇರ್ಯಾಗ ಇಲ್ಲ" ಎಂದ ಶಿದ್ಲಿಂಗಪ್ಪನವರು ಮಗಳ ಕಡೆ ತಿರುಗಿ, ಗಂಟು ತರಲು ಹೇಳಿದರು.

ಪಾರವ್ವ ಅತ್ತೆಯ ಕೈಗಳನ್ನು ಸೆರಗಿನಿಂದ ಬಿಡಿಸಿ ತನ್ನ ಸೀರೆಗೆ ಒರೆಸಿದಳು. "ಗಂಟ ನಾ ಕಟ್ಟಿಲ್ಲಪ್ಪಾ. ನನ್ನ ಇಟಗೊಳ್ಳಾಕಂತ ಈಕಿ ಹಬ್ಬದ ಎಣ್ಣಿ ಪೂರಾ ಸುರದಾಳ. ನಾ ಬಂದ್ರ, ಯಾವುದಕ್ಕ ಎಣ್ಣಿ ಬೇಕು, ಯಾವುದಕ್ಕ ಬ್ಯಾಡ ಅಂತ ಈಕಿಗೆ ಹೇಳಾವರ ಯಾರು?" ಎಂದಳು. ಬೀಗರು ಬಹಳ ಹೊತ್ತು ಪಟಕ ಜಾಡಿಸಿದರು. ಆಮೇಲೆ ಕಾಲು ತೊಳೆಯಲು ನೀರು ಕೇಳಿದರು.

ಮಾನ್ಯರೇ, ಪಟ್ಟಿಗಳನ್ನು ಅತ್ತೆ ಸೊಸೆ ಕೂಡಿ ಸೀಮೆಎಣ್ಣೆಯಲ್ಲಿ ತೊಳೆದು ಒಲೆಯ ಮೇಲೆ ಒಣಗಿಸಿದ್ದಾರೆ. ನಮ್ಮ ಕೋರಿಕೆಗಳು ಅಲ್ಪ: ಇನ್ನು ಮುಂದೆ ಮುರಿಯುವ ಮನಸ್ಸಾದರೆ ಎಂಟು ದಿನ ಮೊದಲು ಒಂದು ಕಾರ್ಡು ಬರೆಯಬೇಕು; ಹೊತ್ತದ್ದು ಬೆಲ್ಲವೋ ಮನುಷ್ಯನೋ ಎಂದು ಹಿಂತಿರುಗಿ ನೋಡಿ ಆಮೇಲೆ ಮುರಿಯಬೇಕು; ಸಾಧ್ಯವಾದರೆ ಶ್ರಾವಣದ ಆ ದಾರಿಯನ್ನು ಮತ್ತೊಮ್ಮೆ, ಮುರಿಯದೆ, ಓಡಿ ತೋರಿಸಬೇಕು.

ತಮ್ಮ ಕಿರ್ರೆನ್ನುವ ಬ್ರೇಕಿನ ಮೇಲೆ ಕಾಲಿಟ್ಟು ಕಾದಿರುವ,
ತಮ್ಮ ವಿಶ್ವಾಸಿ
ರಾಜಪ್ಪ

ತಾ.ಕ.: ಮುರಿದ ಆಕ್ಸಲ್ಲಿನ ತುಂಡನ್ನು ಅಂಗಳದಲ್ಲಿ ಹುಗಿದು ಎಮ್ಮೆ ಕಟ್ಟಿದ್ದೇವೆ. ಎಮ್ಮೆ ಹಗಲೆಲ್ಲ ಜಗ್ಗುತ್ತದೆ, ಅದು ಬಾಗುವುದೂ ಇಲ್ಲ, ಮುರಿಯುವುದೂ ಇಲ್ಲ. ತಮ್ಮ ಹೊಟ್ಟೆಯಲ್ಲಿದ್ದಾಗ ಅದಕ್ಕೆ ಈ ಬುದ್ಧಿ ಏಕೆ ಬರಲಿಲ್ಲವೆಂದು, ಬಿಡುವಾದಾಗ ಉತ್ತರಿಸಬೇಕು.