ಹಿತ್ತಲಿನ ಎಂಜಿನ್ನಿಗೆ ಕುಂಕುಮ

ಯಂತ್ರಗಳ ಬಗ್ಗೆ ನನ್ನ ತಿಳಿವಳಿಕೆ ಇಷ್ಟೇ: ಸದ್ದು ಮಾಡಿದರೆ ಸರಿಯಿದೆ, ಮಾಡದಿದ್ದರೆ ಕೆಟ್ಟಿದೆ. ಕಂಪ್ಲಿಯ ನಮ್ಮ ಮಾವನವರು ಅಕ್ಕಿ ಗಿರಣಿ ಬಿಟ್ಟಾಗ ಇಂಥ ನನ್ನ ಕೈಗೆ ತಮ್ಮ ಜೀಪನ್ನು ಕೊಟ್ಟು, "ನನ್ನ ಮಗಳನ್ನ ನೋಡಿಕೊಂಡಂಗ ನೋಡಿಕೊಳ್ರಿ" ಎಂದರು. ಮನೆಯಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂಬುದು ಪಾಪ, ಅವರಿಗೆ ಗೊತ್ತಿರಲಿಲ್ಲ.

ಗಾದಿಗನೂರಿನ ಹತ್ತಿರ ಮೂರನೇ ಸಲ ಹೊಗೆಯುಗುಳಿ ನಿಂತ ಜೀಪನ್ನು ಹೊಸಪೇಟೆಗೆ ಎಳೆಸಿಕೊಂಡು ಬಂದೆ. ಮೆಕ್ಯಾನಿಕ್ ಬಸಣ್ಣ ಬಾನೆಟ್ ಎತ್ತಿ ನೋಡಿ, "ಸರ, ಇದರದು ಮುಗೀತ್ರಿ. ಸಂಡೂರಿನ ಗಣಿಯಾಗ ಓಡಿದ್ದು ಒಂದು ಡೀಸೆಲ್ ಎಂಜಿನ್ ಐತಿ, ಭಾಳ ಗಟ್ಟಿ. ಕುಂದ್ರಸಲೇನು?" ಎಂದ. ತಲೆಯಾಡಿಸಿದೆ. ಯಾವುದಕ್ಕೆ ಆಡಿಸಿದೆನೋ ಇವತ್ತಿಗೂ ಸ್ಪಷ್ಟವಿಲ್ಲ.

ಹೊಸ ಎಂಜಿನ್ ಕೂತಿತು, ಗೊಂದಲವೂ ಕೂತಿತು. ಹಳೆಯದನ್ನು ಗುಜರಿಗೆ ಹಾಕಲು ನನ್ನ ಹೆಂಡತಿ ಗಿರಿಜಾ ಬಿಡಲಿಲ್ಲ. "ಅದು ನಮ್ಮಪ್ಪಂದು" ಎಂದು ಹಿತ್ತಲಲ್ಲಿ ನಾಲ್ಕು ಕಲ್ಲಿನ ಮೇಲೆ ಇಡಿಸಿ, ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚತೊಡಗಿದಳು. ಹಾಗಾದರೆ ಮಾವನವರ ಜೀಪು ಬೀದಿಯಲ್ಲಿ ನಿಂತಿದೆಯೋ, ಹಿತ್ತಲಲ್ಲಿ ಕೂತಿದೆಯೋ? ಯೋಚಿಸಿ ಯೋಚಿಸಿ ತಲೆ ಕೆಟ್ಟು ಗೊಬ್ಬರವಾಯಿತು.

ಅಷ್ಟರಲ್ಲಿ ಆಯುಧಪೂಜೆಗೆ ಮಾವನವರೇ ಬರುವುದಾಗಿ ಫೋನು ಮಾಡಿದರು. ಎಂಜಿನ್ ಬದಲಿಸಿದ ಸುದ್ದಿ ಅವರಿಗೆ ಹೇಳಿರಲಿಲ್ಲ. "ಗೊತ್ತಾದ್ರ ಅಪ್ಪ ಈ ಮನಿಯಾಗ ನೀರೂ ಕುಡಿಯಂಗಿಲ್ಲ ನೋಡ್ರಿ" ಎಂದು ಗಿರಿಜಾ ಹೆದರಿಸಿದಳು. ಹಿತ್ತಲಿನದಕ್ಕೆ ಗೋಣಿಚೀಲ ಹೊದಿಸಿದೆ. ಮಾವನವರ ಕಣ್ಣು ಮಂಜಾಗಿದ್ದರೂ ಕಿವಿ ಬಲು ಚುರುಕು, ಅದೇ ನನ್ನ ಭಯ.

ಪೂಜೆ ಮುಗಿದು ಗಾಲಿಗಳಡಿ ನಿಂಬೆಹಣ್ಣು ಇಟ್ಟದ್ದೇ, "ಚಾಲೂ ಮಾಡ್ರಿ, ಕೇಳೂಣು" ಎಂದರು ಮಾವನವರು. ಮಾಡಿದೆ. ಓಣಿಯೆಲ್ಲ ಗಡಗಡ ನಡುಗಿತು, ನಾನೂ ನಡುಗಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, "ಹಳೇದು ಎಲ್ಲೈತ್ರಿ?" ಎಂದರು. ಹಿತ್ತಲು ತೋರಿಸಿದೆ. ನನ್ನ ಕೈ ಹಿಡಿದು ಅಲ್ಲಿಗೇ ನಡೆದರು. ಗೋಣಿಚೀಲ ಎತ್ತಿ, ಕುಂಕುಮ ನೋಡಿ ನಕ್ಕುಬಿಟ್ಟರು.

"ಅಳಿಯಂದ್ರ, ಇದೂ ಜೀಪಿನ ಮೊದಲಿನ ಎಂಜಿನ್ ಅಲ್ರಿ. ನಿಮಗ ಕೊಡೂಕಿಂತ ಮುಂಚೆ ತೋರಣಗಲ್ಲಿನಾಗ ಯಾರದೋ ಹಳೇದು ತಂದು ಹಾಕಿಸಿದ್ದೆ. ಮಗಳಿಗೆ ಹೇಳಬ್ಯಾಡ್ರಿ, ಬೇಜಾರು ಮಾಡ್ಕೊಂತಾಳ" ಎಂದು ಪಿಸುಗುಟ್ಟಿದರು.

ಹಿಂದೆಯೇ ತೆಂಗಿನಕಾಯಿ ಹಿಡಿದು ಗಿರಿಜಾ ಬಂದಳು. "ಅಪ್ಪಗ ಗೊತ್ತಾತಲ್ಲ? ಅಪ್ಪನ ಎಂಜಿನ್ ತೆಗಿಸಿದ್ದು ತಪ್ಪಾತು ಅಂತ ಕಾಯಿ ಒಡೀರಿ."

ನಾನು ಮಾವನವರ ಮುಖ ನೋಡಿದೆ. ಅವರು ಗಂಭೀರವಾಗಿ ಆಕಾಶ ನೋಡಿದರು. ಕಾಯಿ ಒಡೆದು, ಕೈಮುಗಿದೆ. ಎಂಜಿನ್ ಯಾರದೋ ಗೊತ್ತಾಗಲಿಲ್ಲ. ತಪ್ಪು ನನ್ನದು ಎಂಬುದಷ್ಟೇ ಇತ್ಯರ್ಥವಾಯಿತು.