ಲಾಂಡ್ರಿ ಯಜಮಾನರ ಹಸಿ ಮೊಳಕೆ

"ಎಂಟು ದಿನ ಯಾಕೆ, ಎಂಬತ್ತು ದಿನ ಇದ್ದು ಬಾ! ಒಲೆ ಹಚ್ಚದೆಯೇ ನಾನೂ ಅಮ್ಮನೂ ಗುಂಡುಕಲ್ಲಿನ ಹಾಗೆ ಇರ್ತೀವಿ!"

ಲಾಂಡ್ರಿ ಯಜಮಾನರು ಭಾನುವಾರ ಬೆಳಿಗ್ಗೆ ಎದೆಯುಬ್ಬಿಸಿ ಹೀಗೆ ಘೋಷಿಸಿದರು. ಘೋಷಿಸಿದ್ದು ಅಡುಗೆಮನೆಯ ಹೊಸ್ತಿಲಾಚೆ ನಿಂತು. ಒಳಗೆ ಕಾಲಿಡುವ ಹಾಗಿರಲಿಲ್ಲ. ಹಾಲು ಕಾಯಲು ಇಟ್ಟು, ಮರೆತು, ಮೂರು ಪಾತ್ರೆಗಳ ತಳ ಸುಟ್ಟ ಮಹಾಪುರುಷರು ಅವರು. ಮೂರನೆಯ ಪಾತ್ರೆಯ ದಿನವೇ ಮನೆಯಾಕೆ ಅವರನ್ನು ಒಲೆಯ ಸೀಮೆಯಿಂದ ಗಡಿಪಾರು ಮಾಡಿದ್ದರು.

ಈಗ ಮನೆಯಾಕೆಗೆ ಅಕ್ಕನ ಮನೆಗೆ ಹೋಗುವ ಯೋಗ ಬಂದಿತ್ತು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ! ಶುಕ್ರವಾರ ಬೆಳಿಗ್ಗೆ ಬಸ್ಸು. ತೊಡಕು ಒಂದೇ: ಎಪ್ಪತ್ತಾರು ವರ್ಷದ ಅತ್ತೆಯ ಅನ್ನ ನೀರು ನೋಡುವವರು ಯಾರು?

"ಒಲೆ ಇಲ್ಲದೆ ಅತ್ತೆಗೆ ಏನು ಹಾಕ್ತೀರಿ? ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಬ್ರೆಡ್ ಸುಡ್ತೀರಾ?"

"ಮೊಳಕೆ ಕಾಳು ಕಣೇ! ಶಕ್ತಿಯ ಭಂಡಾರ! ಬೇಯಿಸಿದರೆ ಸತ್ವವೆಲ್ಲ ಆವಿಯಾಗಿ ಹೋಗತ್ತೆ. ಹಸಿಯಾಗೇ ತಿನ್ನಬೇಕು."

"ಹಾಗಾದರೆ ಗುರುವಾರ ಮಧ್ಯಾಹ್ನ ಮಾಡಿ ತೋರಿಸಿ. ಅತ್ತೆ ಹೊಟ್ಟೆ ತುಂಬ ಊಟ ಮಾಡಿದರೆ ಹೋಗ್ತೀನಿ. ಇಲ್ಲದಿದ್ರೆ ಇಲ್ಲ." ಕೊನೆಯ ಮಾತಿಗೆ ಆಕೆಯ ದನಿ ಸಣ್ಣಗಾಯಿತು. ಜಂಬ ಹೇಗೇ ಇರಲಿ, ಆಕೆಯನ್ನು ಕಳಿಸಿಯೇ ತೀರಬೇಕೆಂಬ ಆಸೆ ಮಾತ್ರ ಯಜಮಾನರಲ್ಲಿ ನಿಜವಾಗಿತ್ತು.

ಊಟದ ಕೋಣೆಯ ಕಪಾಟಿನಲ್ಲಿದ್ದ ಹೆಸರುಕಾಳಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಛೇ, ಗುಬ್ಬಿಗೆ ಹಾಕುವಂಥದ್ದು! ಪಕ್ಕದ ಡಬ್ಬಿಯಲ್ಲಿ ರಾಜ್ಮಾ ಕಾಳು. ಒಂದೊಂದೂ ಕೋಟಿನ ಗುಂಡಿಯಷ್ಟು ದಪ್ಪ, ಪಾಲಿಶ್ ಹೊಡೆದಂಥ ಕೆಂಪು. ಶಕ್ತಿ ಬೇಕಾದರೆ ಇದು ಎಂದುಕೊಂಡು ಅರ್ಧ ಕಿಲೋ ಅಂಗಡಿಗೆ ಒಯ್ದರು.

ಆಮೇಲೆ ನಡೆದದ್ದು ಅಪ್ಪಟ ಲಾಂಡ್ರಿ ಪದ್ಧತಿ. ರಾತ್ರಿಯಿಡೀ ಟಬ್ಬಿನಲ್ಲಿ ನೆನೆಯುವಿಕೆ, ಮೂರು ನೀರಲ್ಲಿ ಜಾಲಾಟ, ಒದ್ದೆ ಬಟ್ಟೆಯಲ್ಲಿ ಗಂಟು, ಗಂಟಿಗೆ ನಂಬರಿನ ಚೀಟಿ, ಕೊನೆಗೆ ಬಟ್ಟೆ ಒಣಗಿಸುವ ಬೆಚ್ಚನೆಯ ಕೋಣೆಯಲ್ಲಿ ವಾಸ. ಬುಧವಾರ ಸಂಜೆ ಗಂಟನ್ನು ಮನೆಗೆ ತಂದು, ಮೇಜಿನ ಮೇಲೆ ಬಿಚ್ಚಿದರು. ಪ್ರತಿ ಕಾಳಿಗೂ ಬಿಳೀ ಬಾಲ!

"ರೀ, ಈ ಕಾಳು ಬೇಯಿಸದೆ ತಿನ್ನಬಾರದು ಅಂತಾರೆ."

"ಯಾರು ಅಂತಾರೆ?"

"ಎಲ್ಲರೂ ಅಂತಾರೆ."

"ಎಲ್ಲರೂ ಲಾಂಡ್ರಿ ಇಟ್ಟಿದ್ದಾರಾ? ಮೂರು ನೀರು ಕಂಡ ಮೇಲೆ ಯಾವ ಕೊಳೆ ಉಳಿಯತ್ತೆ ಹೇಳು!"

ಅಮ್ಮ ಒಂದು ಕಾಳನ್ನು ಎತ್ತಿ, ಉಗುರಿನಿಂದ ಒತ್ತಿ ನೋಡಿ, "ಚೆನ್ನಾಗಿ ಬಾಲ ಬಂದಿದೆ ಕಣೋ" ಎಂದಷ್ಟೇ ಹೇಳಿದರು.

ಗುರುವಾರ ಮಧ್ಯಾಹ್ನ ಎರಡು ಬಟ್ಟಲು ಸಿದ್ಧವಾದವು. ಉಪ್ಪು, ನಿಂಬೆರಸ, ಹೆಚ್ಚಿದ ಈರುಳ್ಳಿ. ಮನೆಯಾಕೆ ಪ್ರಯಾಣಕ್ಕೆ ಹೊಸ ಚಪ್ಪಲಿ ತರಲು ಹೋಗಿದ್ದರು. ಯಜಮಾನರು ಕಟಕಟನೆ ಅಗಿದು ತಮ್ಮ ಬಟ್ಟಲನ್ನು ಬರಿದು ಮಾಡಿದರು. ದವಡೆ ಸೋತಿತು, ಛಲ ಸೋಲಲಿಲ್ಲ!

"ನಾನು ನಿಧಾನವಾಗಿ ತಿಂತೀನಿ. ನೀನು ಅಂಗಡಿಗೆ ಹೋಗಪ್ಪ" ಎಂದರು ಅಮ್ಮ.

ಎರಡೂವರೆಗೆ ಹೊಟ್ಟೆಯಲ್ಲಿ ಗುಡುಗಿತು. ಎರಡೂ ಮುಕ್ಕಾಲಿಗೆ ಒಳಗಿನ ವಾಶಿಂಗ್ ಮಶೀನು ಪೂರಾ ಜೋರಿನಲ್ಲಿ ತಿರುಗತೊಡಗಿತು. ಸರಿಯಾಗಿ ಅದೇ ಹೊತ್ತಿಗೆ ಹತ್ತಿರದ ಆಸ್ಪತ್ರೆಯ ಡಾಕ್ಟರು, ಒಗೆಯಲು ಕೊಟ್ಟಿದ್ದ ತಮ್ಮ ಬಿಳಿ ಕೋಟುಗಳಿಗಾಗಿ ಬಂದರು. "ಬನ್ನಿ" ಎನ್ನಲು ಬಾಯಿ ತೆರೆದ ಯಜಮಾನರು, ಮಾತು ಬಿಟ್ಟು ಬೇರೆಲ್ಲವನ್ನೂ ಹೊರಹಾಕಿದರು. ಪುಣ್ಯಕ್ಕೆ ಟಬ್ಬು ಪಕ್ಕದಲ್ಲೇ ಇತ್ತು.

"ಏನು ತಿಂದ್ರಿ?"

"ಹಸಿ... ರಾಜ್ಮಾ... ಮೊಳಕೆ..."

"ಅಯ್ಯೋ ಮಹರಾಯ! ಅದರಲ್ಲಿ ಒಂದು ಥರ ವಿಷ ಇರತ್ತೆ ಕಣ್ರೀ. ನಾಲ್ಕೈದು ಹಸಿ ಕಾಳು ಸಾಕು ಹೀಗಾಗೋಕೆ. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಕುದಿಸಿ ಬೇಯಿಸಬೇಕು."

"ಮೂರು ನೀರಲ್ಲಿ ತೊಳೆದಿದ್ದೆ ಡಾಕ್ಟ್ರೇ!"

"ನಮ್ಮ ಆಸ್ಪತ್ರೆ ಹೊದಿಕೆಗಳನ್ನ ತಣ್ಣೀರಲ್ಲಿ ಜಾಲಿಸಿ ಕೊಡ್ತೀರಾ? ಕುದಿಸ್ತೀರೋ ಇಲ್ವೋ? ಹೆಸರುಕಾಳಿನ ಮೊಳಕೆಗೂ ಒಂದು ಕುದಿ ಕೊಡೋದೇ ಕ್ಷೇಮ. ಒದ್ದೆ ಬಟ್ಟೆ, ಬೆಚ್ಚನೆ ಜಾಗ ಅಂದ್ರೆ ಕಾಳಿನ ಜೊತೆ ಕ್ರಿಮಿಗಳೂ ಬೆಳೀತಾವೆ. ಮತ್ಯಾರಾದ್ರೂ ತಿಂದಿದ್ದಾರಾ?"

ಯಜಮಾನರು ಟಬ್ಬಿನಿಂದ ಥಟ್ಟನೆ ತಲೆ ಎತ್ತಿದರು. "ಅಮ್ಮ!"

ಅಂಗಡಿಯನ್ನು ಡಾಕ್ಟರ ಕೈಗೇ ಒಪ್ಪಿಸಿ ಓಡಿದರು. ದಾರಿಯಲ್ಲಿ ಎರಡು ದೀಪದ ಕಂಬಗಳನ್ನು ಅಪ್ಪಿ, ಮೋರಿಗೆ ಬಾಗಿ ಹೊಟ್ಟೆ ಹಗುರ ಮಾಡಿಕೊಂಡು ಮತ್ತೆ ಓಡಿದರು. ಮನೆಯಲ್ಲಿ ಅಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮೇಜಿನ ಮೇಲಿನ ಬಟ್ಟಲು ಖಾಲಿ! ಯಜಮಾನರು ಅಳುವುದೊಂದು ಬಾಕಿ.

"ಅಮ್ಮಾ! ಹೊಟ್ಟೆ ನೋಯ್ತಿದೆಯಾ?"

ಅಮ್ಮ ಕಣ್ಣು ಬಿಟ್ಟರು. "ಯಾಕೋ ನೋಯತ್ತೆ? ಚೂರು ನಿದ್ದೆ ಬಂದಿತ್ತು, ಅದನ್ನೂ ಹಾಳು ಮಾಡಿದೆ."

"ಕಾಳೆಲ್ಲ ತಿಂದುಬಿಟ್ಯಲ್ಲ!"

"ಈರುಳ್ಳಿ ತಿಂದೆ. ಕಾಳನ್ನ ತೊಳೆದು ಹಿತ್ತಲಲ್ಲಿ ಸಾಲಾಗಿ ನೆಟ್ಟೆ. ಮೊಳಕೆ ಬಂದ ಕಾಳನ್ನ ಮತ್ತೇನು ಮಾಡ್ತಾರೋ?"

ಯಜಮಾನರು ಅಮ್ಮನ ಕಾಲ ಬಳಿ ನೆಲದ ಮೇಲೇ ಕೂತು, ಪಕ್ಕದಲ್ಲಿದ್ದ ಬಕೆಟ್ಟಿಗೆ ಮತ್ತೊಮ್ಮೆ ಬಾಗಿದರು. ಬದುಕಿನಲ್ಲಿ ಅಷ್ಟು ನೆಮ್ಮದಿಯಾಗಿ ಅವರು ಎಂದೂ ವಾಂತಿ ಮಾಡಿಕೊಂಡಿರಲಿಲ್ಲ.

ಸಂಜೆಯ ಹೊತ್ತಿಗೆ ಹೊಟ್ಟೆ ತಣ್ಣಗಾಯಿತು. ಮನಸ್ಸು ಆಗಲಿಲ್ಲ. ಎಲ್ಲವನ್ನೂ ಕೇಳಿ ತಿಳಿದ ಮನೆಯಾಕೆ ಕೋಣೆಯಲ್ಲಿ ಬ್ಯಾಗಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಕಪಾಟಿಗೆ ಇಡುತ್ತಿದ್ದರು. ಹೊಸ ಚಪ್ಪಲಿ ಡಬ್ಬಿಯಲ್ಲೇ ಇತ್ತು.

"ಹೋಗೇ, ಕೈ ಮುಗೀತೀನಿ. ಇನ್ಮೇಲೆ ಎಲ್ಲಾ ಬೇಯಿಸೇ ಹಾಕ್ತೀನಿ."

"ನೀವು ಬೇಯಿಸ್ತೀರಾ? ಹಸಿಯಾಗಿ ಹಾಕಿದ್ದಕ್ಕೇ ಹೀಗಾಯ್ತು. ಅತ್ತೆನ ನಿಮ್ಮ ಕೈಲಿ ಬಿಟ್ಟು ಹೋದರೆ ಅಲ್ಲಿ ನನಗೆ ತುತ್ತು ಇಳಿಯತ್ತೇನ್ರೀ?"

ಹನ್ನೊಂದು ವರ್ಷಗಳ ಆಸೆಗೆ ನಾನೇ ಕಲ್ಲು ಹಾಕಿದೆನಲ್ಲ ಎಂದು ಯಜಮಾನರು ತಲೆ ತಗ್ಗಿಸಿದರು.

ಆಗ ಬಾಗಿಲಲ್ಲಿ ಸರಸರ ಸದ್ದಾಯಿತು. ಅಮ್ಮ ಒಂದು ದೊಡ್ಡ ಬ್ಯಾಗನ್ನು ಎಳೆದುಕೊಂಡು ಬಂದು ನಿಂತರು.

"ಸೀರೆ ಮತ್ತೆ ತುಂಬಮ್ಮ. ಬಿಟ್ಟು ಹೋಗೋದು ಯಾಕೆ, ನಾನೂ ಬರ್ತೀನಿ. ನಿನ್ನೆ ಇವನು ಆ ಗಂಟು ಬಿಚ್ಚಿದ ತಕ್ಷಣ ಬ್ಯಾಗು ತುಂಬಿಟ್ಟೆ. ನಿನ್ನ ಅಕ್ಕನಿಗೂ ಆಗಲೇ ಫೋನ್ ಮಾಡಿ ಹೇಳಿಯಾಯ್ತು."

ಮನೆಯಾಕೆಯ ಮುಖ ಅರಳಿತು. ಅತ್ತೆ ಸೊಸೆ ಇಬ್ಬರೂ ಸೇರಿ ಸೀರೆ ಮಡಿಸತೊಡಗಿದರು. ಯಜಮಾನರು ಮೆಲ್ಲನೆ ಕೇಳಿದರು:

"ಮತ್ತೆ... ನಾನು?"

"ನೀನು ಹೋಟೆಲಿಗೆ ಹೋಗು ಮಗನೇ" ಎಂದರು ಅಮ್ಮ, ಬ್ಯಾಗಿನಿಂದ ತಲೆ ಎತ್ತದೆ. "ಅಲ್ಲಿ ಬೇಯಿಸಿ ಹಾಕ್ತಾರೆ."